ಪಂಡಿತ ವಿದ್ಯಾಸಾಗರರು ತಿದ್ದಿದ ಪಠ್ಯಕ್ರಮ

ಶಿಕ್ಷಣ ಸಂಸ್ಥೆಗಳ ಆಡಳಿತದೊಡನೆ ಸಂಬಂಧವುಳ್ಳ ಸದ್ಭಕ್ತರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಮಂಡಲಿಯ ಸಭೆ ಸೇರಿದಾಗಲೆಲ್ಲ ಹೊಸ ವಿಷಯವೊಂದನ್ನು ಆರಂಭಿಸಬೇಕು, ಹಳೆಯದೊಂದನ್ನು ನಿಲ್ಲಿಸಬೇಕು ಎಂಬ ಸೂಚನೆ ಬಾರದೆ ಇರುವುದಿಲ್ಲ. ಒಬ್ಬರು ಕಾಲಕ್ಕೆ ತಕ್ಕಂತೆ ನಡೆಯಬೇಕೆನ್ನುತ್ತಾರೆ. ಇನ್ನೊಬ್ಬರು ಹಿರಿಯರು ಹಾಕಿಕೊಟ್ಟ ದಾರಿಯನ್ನು ಬಿಡಬಾರದೆನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಆ ಪಾಠವನ್ನು ಕೇಳಬೇಕಾದ ಬಾಲಕನ ಬಾಳಿನ ಎಷ್ಟು ವರ್ಷಗಳನ್ನು ನಾವು ತೆಗೆದುಕೊಳ್ಳುತ್ತಿದ್ದೇವೆ, ಕಟ್ಟಕಡೆಗೆ ಅವನ ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಧೈರ್ಯದಿಂದ ಕೇಳಿ, ಅದಕ್ಕೆ ಉತ್ತರವನ್ನೂ ತಾವೇ ಸಿದ್ಧಪಡಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಅವರು ಬಂಗಾಲದ ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು. ಅವರು ತಿದ್ದಿದ್ದು ಕಲಕತ್ತೆಯ ಸಂಸ್ಕೃತ ಕಾಲೇಜಿನ ಪಠ್ಯಕ್ರಮವನ್ನು.

ಆ ಕಾಲೇಜು ಹುಟ್ಟಿದುದೇ ವಿವಾದದ ನಡುವೆ. ಸರ್ಕಾರ ಸಂಸ್ಕೃತ ವಿದ್ಯಾಲಯವನ್ನು ಸ್ಥಾಪಿಸಲು ಮುಂದಾದಾಗ ರಾಜಾ ರಾಮಮೋಹನ ರಾಯರು 1823ರ ಡಿಸೆಂಬರಿನಲ್ಲಿ ಗವರ್ನರ್ ಜನರಲ್ ಲಾರ್ಡ್ ಆಮ್ಹರ್ಸ್ಟ್ ಅವರಿಗೆ ಪತ್ರ ಬರೆದು, ಆ ಹಣವನ್ನು ಗಣಿತ, ಪ್ರಕೃತಿವಿಜ್ಞಾನ, ರಸಾಯನಶಾಸ್ತ್ರ, ಶರೀರರಚನಾಶಾಸ್ತ್ರಗಳ ಬೋಧನೆಗೆ ವಿನಿಯೋಗಿಸಬೇಕೆಂದು ಬೇಡಿಕೊಂಡರು. ಸರ್ಕಾರ ಅದಕ್ಕೆ ಕಿವಿಗೊಡಲಿಲ್ಲ. 1824ರಲ್ಲಿ ಕಾಲೇಜು ಆರಂಭವಾಯಿತು. ವ್ಯಾಕರಣ, ಸಾಹಿತ್ಯ, ಅಲಂಕಾರ, ನ್ಯಾಯ, ವೇದಾಂತ, ಸ್ಮೃತಿ, ಜ್ಯೋತಿಷಗಳ ಪಾಠ ಅಲ್ಲಿ ನಡೆಯತೊಡಗಿತು. ಮೇದಿನೀಪುರ ಜಿಲ್ಲೆಯ ಬೀರಸಿಂಹ ಗ್ರಾಮದಲ್ಲಿ 1820ರ ಸೆಪ್ಟೆಂಬರ್ 26ರಂದು ಬಡ ಬ್ರಾಹ್ಮಣರ ಮನೆಯಲ್ಲಿ ಜನಿಸಿದ ಈಶ್ವರಚಂದ್ರರು 1829ರಲ್ಲಿ ಈ ವಿದ್ಯಾಲಯವನ್ನು ಪ್ರವೇಶಿಸಿದರು. ಹನ್ನೆರಡು ವರ್ಷಗಳ ಕಾಲ ಅಲ್ಲಿನ ಶಾಸ್ತ್ರಗಳನ್ನೆಲ್ಲ ಕ್ರಮವಾಗಿ ಅಭ್ಯಾಸ ಮಾಡಿ ವಿದ್ಯಾಸಾಗರರೆಂಬ ಬಿರುದಿನೊಡನೆ 1841ರಲ್ಲಿ ಹೊರಬಂದರು. ಮುಂದೆ ಆ ಪಠ್ಯಕ್ರಮವನ್ನು ಅವರು ಟೀಕಿಸಿದಾಗ ಅದು ಹೊರಗಿನವರ ಟೀಕೆಯಾಗಿರಲಿಲ್ಲ. ಆ ಪಾಠವನ್ನು ಉಂಡು ಅರಗಿಸಿಕೊಂಡವರ ಅನುಭವದ ಮಾತಾಗಿತ್ತು.

ಅಲ್ಲಿನ ವ್ಯಾಕರಣ ತರಗತಿಗಳಲ್ಲಿ ಬೋಪದೇವನ ಮುಗ್ಧಬೋಧವನ್ನು ಓದಿಸುತ್ತಿದ್ದರು. ಬೋಪದೇವನು ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಪಂಡಿತ. ಗ್ರಂಥದ ಹೆಸರು ಮುಗ್ಧರಿಗೂ ಬೋಧವಾಗುವಂಥದು ಎಂಬ ಅರ್ಥವನ್ನು ಕೊಟ್ಟರೂ, ಸಂಸ್ಕೃತವನ್ನೇ ಅರಿಯದ ಬಾಲಕರು ಸಂಸ್ಕೃತದಲ್ಲಿಯೇ ಇರುವ ಅಡಕವಾದ ಸೂತ್ರಗಳನ್ನು ನಾಲ್ಕೈದು ವರ್ಷ ಉರುಹೊಡೆಯಬೇಕಾಗಿತ್ತು. ನಾವೂ ಬಾಲ್ಯದಲ್ಲಿ ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಲಘುಕೌಮುದಿಯ ಸೂತ್ರಗಳನ್ನು ಅರ್ಥವರಿಯದೆ ಕಂಠಸ್ಥ ಮಾಡಿದವರೇ. ಅರ್ಥ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು. ಹೊಳೆದಾಗ ಆದ ಆನಂದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಹೊಳೆಯುವ ಮುನ್ನವೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದ ಸಹಪಾಠಿಗಳ ಮುಖಗಳು ಇಂದಿಗೂ ಕಣ್ಣ ಮುಂದೆ ಬರುತ್ತವೆ. ಅವರಲ್ಲಿ ಬುದ್ಧಿಯ ಕೊರತೆಯಿರಲಿಲ್ಲ. ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಅನೇಕರಿಗೆ ಇಂಥ ಗೆಳೆಯರ ನೆನಪಿರಬೇಕು.

ವಿದ್ಯಾಸಾಗರರು 1846ರಲ್ಲಿ ಅದೇ ಕಾಲೇಜಿಗೆ ಸಹಾಯಕ ಕಾರ್ಯದರ್ಶಿಗಳಾಗಿ ಬಂದರು. ಬಂದೊಡನೆ ಪಾಠಕ್ರಮದ ಸುಧಾರಣೆಗೆ ಸೂಚನೆಗಳನ್ನು ಸಲ್ಲಿಸಿದರು. ಕಾರ್ಯದರ್ಶಿ ರಸಮಯ ದತ್ತರಿಗೂ ಅವರಿಗೂ ಹೊಂದಿಕೆಯಾಗಲಿಲ್ಲ. 1847ರಲ್ಲಿ ವಿದ್ಯಾಸಾಗರರು ರಾಜೀನಾಮೆ ಕೊಟ್ಟರು. ಕೆಲಸ ಬಿಟ್ಟರೆ ಹೊಟ್ಟೆಗೇನು ಮಾಡುವಿರಿ ಎಂದು ಕೇಳಿದವರಿಗೆ, ತರಕಾರಿ ಮಾರಿಯಾದರೂ ಬದುಕುತ್ತೇನೆ ಎಂದು ಉತ್ತರಿಸಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ.

ಆ ಚರಿತ್ರಕಾರರೇ ಇನ್ನೊಂದು ಸಂಗತಿಯನ್ನು ದಾಖಲಿಸಿದ್ದಾರೆ. ರಾಜಕೃಷ್ಣ ಬಂದ್ಯೋಪಾಧ್ಯಾಯರೆಂಬ ಮಿತ್ರರಿಗೆ ಪಾಠಶಾಲೆಯ ವಯಸ್ಸು ದಾಟಿದ ಮೇಲೆ ಸಂಸ್ಕೃತ ಕಲಿಯುವ ಆಸೆಯಾಯಿತು. ಮುಗ್ಧಬೋಧದ ಗಾತ್ರವನ್ನು ಕಂಡು ಅಳುಕೂ ಆಯಿತು. ವಿದ್ಯಾಸಾಗರರು ವ್ಯಾಕರಣದ ಸಾರವನ್ನು ಬಂಗಾಳಿಯಲ್ಲಿ ಬರೆದುಕೊಟ್ಟು ಪಾಠ ಹೇಳಿದರು. ಇತರರು ಬಹುಕಾಲ ಕಲಿಯುತ್ತಿದ್ದುದನ್ನು ಆ ಮಿತ್ರರು ಕೆಲವೇ ವರ್ಷಗಳಲ್ಲಿ ಕಲಿತರು. ಕಾಲೇಜು ಒಪ್ಪದಿದ್ದ ಕ್ರಮ ಹೀಗೆ ಗೆಳೆಯರ ಮನೆಯಲ್ಲಿ ಪರೀಕ್ಷೆಗೊಳಗಾಗಿ ಗೆದ್ದಿತು.

1850ರ ಡಿಸೆಂಬರಿನಲ್ಲಿ ವಿದ್ಯಾಸಾಗರರು ಸಾಹಿತ್ಯದ ಅಧ್ಯಾಪಕರಾಗಿ ಕಾಲೇಜಿಗೆ ಮರಳಿದರು. ಶಿಕ್ಷಣ ಮಂಡಲಿಯ ಅಪೇಕ್ಷೆಯಂತೆ ಡಿಸೆಂಬರ್ 16ರಂದು ವಿಸ್ತಾರವಾದ ವರದಿಯೊಂದನ್ನು ಸಲ್ಲಿಸಿದರು. ಅದರ ಮುಖ್ಯಾಂಶಗಳು ಇವು. ಆರಂಭದ ವ್ಯಾಕರಣವನ್ನು ಮಾತೃಭಾಷೆಯಲ್ಲಿ ಕಲಿಸಿ, ಆಮೇಲೆ ಸಿದ್ಧಾಂತಕೌಮುದಿಯಂಥ ಪ್ರೌಢ ಗ್ರಂಥಕ್ಕೆ ಹೋಗಬೇಕು. ಭಾಸ್ಕರಾಚಾರ್ಯರ ಲೀಲಾವತಿ, ಬೀಜಗಣಿತಗಳ ಸ್ಥಾನದಲ್ಲಿ ಆಧುನಿಕ ಗಣಿತವನ್ನು ಬೋಧಿಸಬೇಕು. ಸ್ಮೃತಿಯ ತರಗತಿಯಲ್ಲಿ ಪೌರೋಹಿತ್ಯಕ್ಕೆ ಮಾತ್ರ ಉಪಯೋಗವಾಗುವ ರಘುನಂದನನ ತತ್ತ್ವಗಳನ್ನು ಬಿಟ್ಟು ಮನುಸ್ಮೃತಿ, ಮಿತಾಕ್ಷರಾ, ದಾಯಭಾಗಗಳಂಥ ಗ್ರಂಥಗಳನ್ನು ಓದಿಸಬೇಕು. ಇಚ್ಛೆಯಿದ್ದವರು ಮಾತ್ರ ಓದುತ್ತಿದ್ದ ಇಂಗ್ಲಿಷನ್ನು ವ್ಯವಸ್ಥಿತವಾಗಿ ಕಲಿಸಬೇಕು. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಕನ್ನಡ ನಾಡಿನಲ್ಲಿ ರಚಿಸಿದ ಮಿತಾಕ್ಷರಾ ಈ ಪಟ್ಟಿಯಲ್ಲಿದ್ದುದು ನಮಗೆ ಸಂತೋಷದ ವಿಷಯ.

1851ರ ಜನವರಿಯಲ್ಲಿ ಪ್ರಿನ್ಸಿಪಾಲರ ಹುದ್ದೆಯನ್ನು ಹೊಸದಾಗಿ ನಿರ್ಮಿಸಿ ವಿದ್ಯಾಸಾಗರರನ್ನು ಅದಕ್ಕೆ ನೇಮಿಸಿದರು. ಸೂಚನೆ ಮಾಡುವುದು ಸುಲಭ. ನಾಳೆ ತರಗತಿಯಲ್ಲಿ ಯಾವ ಪುಸ್ತಕವನ್ನು ತೆರೆಯಬೇಕೆಂದು ಕೇಳಿದರೆ ಸೂಚಕರು ಮೌನವಾಗುವುದೇ ಹೆಚ್ಚು. ವಿದ್ಯಾಸಾಗರರು ಮೌನವಾಗಲಿಲ್ಲ. ಅದೇ ವರ್ಷ ಬಂಗಾಳಿಯಲ್ಲಿ ಸಂಸ್ಕೃತ ವ್ಯಾಕರಣದ ಉಪಕ್ರಮಣಿಕೆ ಹೊರಬಂದಿತು. ಪಂಚತಂತ್ರ ಮೊದಲಾದ ಗ್ರಂಥಗಳಿಂದ ಆಯ್ದ ಋಜುಪಾಠವೂ ಬಂದಿತು. ಮುಂದೆ ವ್ಯಾಕರಣಕೌಮುದಿಯ ಭಾಗಗಳು ಒಂದಾದ ಮೇಲೊಂದು ಪ್ರಕಟವಾದವು. ಪ್ರತಿಪದೆ, ಅಷ್ಟಮಿಗಳ ಅನಧ್ಯಯನ ಹೋಗಿ ಭಾನುವಾರದ ಬಿಡುವು ಬಂದಿತು. ಕಾಲಕ್ರಮದಲ್ಲಿ ಇಂಗ್ಲಿಷ್ ಎಲ್ಲರಿಗೂ ಕಡ್ಡಾಯವಾಯಿತು.

ಏನನ್ನು ಕಲಿಸಬೇಕೆಂಬ ಪ್ರಶ್ನೆಯ ಹಿಂದೆಯೇ ಯಾರಿಗೆ ಕಲಿಸಬೇಕೆಂಬ ಪ್ರಶ್ನೆಯಿತ್ತು. ಅದುವರೆಗೆ ಬ್ರಾಹ್ಮಣರಿಗೂ ವೈದ್ಯ ಜಾತಿಯವರಿಗೂ ಮಾತ್ರ ಅಲ್ಲಿ ಪ್ರವೇಶವಿತ್ತು. ವಿದ್ಯಾಸಾಗರರ ಪ್ರಯತ್ನದಿಂದ 1851ರಲ್ಲಿ ಕಾಯಸ್ಥರಿಗೆ, 1854ರಲ್ಲಿ ಗೌರವಸ್ಥ ಹಿಂದೂಗಳೆಲ್ಲರಿಗೆ ಬಾಗಿಲು ತೆರೆಯಿತು. ಆದರೆ ಗೌರವಸ್ಥರೆಂಬ ಆ ಮಾತೇ ಮತ್ತೊಂದು ಹೊಸ್ತಿಲಾಯಿತು. 1855ರಲ್ಲಿ ಸುವರ್ಣವಣಿಕ ಕುಲದವರ ಪ್ರವೇಶದ ವಿಚಾರ ಬಂದಾಗ, ಪಂಡಿತರ ಮನಸ್ಸು ನೊಂದು ಕಾಲೇಜಿನ ಪ್ರತಿಷ್ಠೆಗೆ ಧಕ್ಕೆಯಾದೀತೆಂದು ಅವರೇ ಅದನ್ನು ಬೆಂಬಲಿಸದೆ ಹೋದರು. ಮರುವರ್ಷವೇ ವಿಧವಾವಿವಾಹದ ಕಾಯಿದೆಯನ್ನು ಸಾಧಿಸಿಕೊಟ್ಟ ಧೀರರು ಇಲ್ಲಿ ನಿಂತುಬಿಟ್ಟುದನ್ನು ನಾವು ಮರೆಮಾಚಬಾರದು. ಮಹಾತ್ಮರನ್ನು ಗೌರವಿಸುವುದೆಂದರೆ ಅವರು ನಿಂತ ಸ್ಥಳವನ್ನೂ ಗುರುತಿಸಿ, ಅಲ್ಲಿಂದ ಮುಂದೆ ನಡೆಯುವುದು.

ಇನ್ನೊಂದು ಪ್ರಸಂಗ ನಮ್ಮಂಥವರಿಗೆ ಹೆಚ್ಚು ಕಠಿನವಾದುದು. 1853ರಲ್ಲಿ ಕಾಶಿಯ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲ್ ಬ್ಯಾಲಂಟೈನ್ ಅವರು ಕಲಕತ್ತೆಯ ಕಾಲೇಜನ್ನು ನೋಡಿ ತಮ್ಮ ಸಲಹೆಗಳನ್ನು ಕೊಟ್ಟರು. ಪಾಶ್ಚಾತ್ಯ ದಾರ್ಶನಿಕರಲ್ಲಿ ಬರ್ಕ್ಲಿಯ ಗ್ರಂಥವನ್ನು ಓದಿಸಬೇಕೆಂಬುದು ಅವುಗಳಲ್ಲಿ ಒಂದು. ವಿದ್ಯಾಸಾಗರರು ಅದನ್ನು ಒಪ್ಪಲಿಲ್ಲ. ವೇದಾಂತ, ಸಾಂಖ್ಯಗಳು ದೋಷಯುಕ್ತ ದರ್ಶನಗಳೆಂದೂ, ಅವುಗಳಿಗೇ ಬೆಂಬಲವಾಗುವ ಬರ್ಕ್ಲಿಗಿಂತ ಮಿಲ್ ಮಹಾಶಯನ ತರ್ಕಶಾಸ್ತ್ರ ವಿದ್ಯಾರ್ಥಿಗಳಿಗೆ ಅಗತ್ಯವೆಂದೂ ಬರೆದರು. ವೇದಾಂತವನ್ನು ಕುರಿತ ಅವರ ಆ ನಿರ್ಣಯವನ್ನು ನಾವು ಒಪ್ಪಲಾರೆವು. ಆದರೆ ವಾಚಕರು ಒಂದನ್ನು ಗಮನಿಸಬೇಕು: ತಾವು ಒಪ್ಪದ ಆ ದರ್ಶನಗಳನ್ನು ಅವರು ಪಠ್ಯದಿಂದ ಕಿತ್ತುಹಾಕಲಿಲ್ಲ. ಎರಡನ್ನೂ ಓದಿದ ವಿದ್ಯಾರ್ಥಿ ತಾನೇ ತೂಗಿನೋಡಲಿ ಎಂಬುದು ಅವರ ನಿಲುವು. ಅಷ್ಟೇ ಅಲ್ಲ, ಮಾಧವಾಚಾರ್ಯರ ಸರ್ವದರ್ಶನಸಂಗ್ರಹವನ್ನು ಏಷ್ಯಾಟಿಕ್ ಸೊಸೈಟಿಯ ಗ್ರಂಥಮಾಲೆಗಾಗಿ ಸಂಪಾದಿಸಿದವರೂ ಅವರೇ. ಪಾಶುಪತ, ಶೈವ, ಪ್ರತ್ಯಭಿಜ್ಞಾ ದರ್ಶನಗಳ ನಿರೂಪಣೆಯುಳ್ಳ ಆ ಗ್ರಂಥ ಅಚ್ಚಾಗಿ ವಿದ್ವಾಂಸರ ಕೈಸೇರಿದುದು ಹೀಗೆ. ತನಗೆ ಒಪ್ಪಿಗೆಯಾಗದುದನ್ನೂ ಶುದ್ಧಪಾಠದಲ್ಲಿ ಉಳಿಸಿಕೊಡುವ ಪ್ರಾಮಾಣಿಕತೆ ಎಷ್ಟು ಜನರಲ್ಲಿದೆ?

ಈ ಎಲ್ಲ ಬದಲಾವಣೆಗಳಿಗೂ ಒಂದು ಗುರಿಯಿತ್ತು. ಸಂಸ್ಕೃತದ ಆಳವನ್ನೂ ಇಂಗ್ಲಿಷಿನ ಹೊಸ ಜ್ಞಾನವನ್ನೂ ಪಡೆದವರು ತಮ್ಮ ಜನರಿಗಾಗಿ ತಮ್ಮ ಭಾಷೆಯಲ್ಲಿ ಬರೆಯಬೇಕು, ಹಳ್ಳಿಯ ಮಕ್ಕಳಿಗೆ ಕಲಿಸಬೇಕು ಎಂಬುದೇ ಅದು. 1852ರ ಟಿಪ್ಪಣಿಯಲ್ಲಿ ಅವರು ಇದನ್ನು ಸ್ಪಷ್ಟಪಡಿಸಿದರು. 1855ರಲ್ಲಿ ಶಿಕ್ಷಕರ ತರಬೇತಿಗಾಗಿ ನಾರ್ಮಲ್ ಶಾಲೆಯನ್ನು ತೆರೆದು ಅಕ್ಷಯಕುಮಾರ ದತ್ತರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಅದೇ ವರ್ಷ ಅವರ ವರ್ಣಪರಿಚಯ ಪ್ರಕಟವಾಯಿತು; ಬಂಗಾಲದ ಮಕ್ಕಳು ತಲೆಮಾರುಗಳವರೆಗೆ ಅಕ್ಷರ ಕಲಿತುದು ಆ ಸಣ್ಣ ಪುಸ್ತಕದಿಂದ. ಸೂತ್ರಗಳ ಮಹಾಪಂಡಿತರು ಅ ಆ ಇ ಈ ಬರೆಯಲು ಕುಳಿತರೆಂಬುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ಸರ್ಕಾರದ ಶಿಕ್ಷಣಾಧಿಕಾರಿಗಳೊಡನೆ ಭಿನ್ನಾಭಿಪ್ರಾಯ ಬಂದು 1858ರಲ್ಲಿ ಅವರು ಪದವಿಯನ್ನು ತ್ಯಜಿಸಿದರು. 1891ರ ಜುಲೈ 29ರಂದು ದೇಹವನ್ನೂ ತ್ಯಜಿಸಿದರು. ಅವರು ತಿದ್ದಿದ ಕಾಲೇಜು ಉಳಿದು ಬೆಳೆದು, 2016ರಲ್ಲಿ ವಿಶ್ವವಿದ್ಯಾಲಯವಾಯಿತು.

ಸದ್ಭಕ್ತರೇ, ನಿಮ್ಮ ಊರಿನ ವಿದ್ಯಾಲಯದಲ್ಲಿ ಹೊಸ ಪಠ್ಯದ ಸೂಚನೆ ಬಂದಾಗ ಅದು ಹೊಸದೆಂದು ಹಿಗ್ಗಬೇಡಿ, ಹೊಸದೆಂದು ಹೆದರಲೂ ಬೇಡಿ. ಸೂಚಿಸಿದವರು ಹಳೆಯದನ್ನು ಪೂರ್ಣವಾಗಿ ಓದಿದ್ದಾರೆಯೇ ಎಂದು ಕೇಳಿ. ನಾಳೆಯ ತರಗತಿಗೆ ಪುಸ್ತಕ ಸಿದ್ಧವಿದೆಯೇ ಎಂದು ಕೇಳಿ. ಬಾಗಿಲ ಹೊರಗೆ ಯಾರು ನಿಂತಿದ್ದಾರೆಂದು ಇಣುಕಿ ನೋಡಿ. ಅನಂತರ, ಅರ್ಥ ಹೊಳೆಯುವ ಮುನ್ನ ಗಂಟುಮೂಟೆ ಕಟ್ಟಿಕೊಂಡು ಹೊರಟ ಆ ಹುಡುಗನನ್ನು ನೆನೆದು ನಿಮ್ಮ ಅಭಿಪ್ರಾಯವನ್ನು ಹೇಳಿ. ಅವನನ್ನು ಉಳಿಸಿಕೊಳ್ಳಬಲ್ಲ ಪಠ್ಯಕ್ರಮವೇ ಒಳ್ಳೆಯ ಪಠ್ಯಕ್ರಮ.