ಕಸಬಾ ಪೇಠದ ವಾಡೆಗಳು: ಇರಿಸಬೇಕೆ, ಏರಿಸಬೇಕೆ?

ಪುಣೆಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆ ಹೊರಟಾಗ ಮೊದಲ ಮಾನ ಕಸಬಾ ಗಣಪತಿಗೆ ಸಲ್ಲುತ್ತದೆ. ಆತ ಗ್ರಾಮದೇವತೆ. ಲಕ್ಷಾಂತರ ಜನರಿರುವ ಮಹಾನಗರಕ್ಕೆ ಗ್ರಾಮದೇವತೆ ಎಲ್ಲಿಂದ ಬಂದ ಎಂದು ಹೊಸಬರು ಕೇಳುವುದುಂಟು. ಉತ್ತರ ಆ ಹೆಸರಿನಲ್ಲೇ ಇದೆ. ಕಸಬಾ ಎಂದರೆ ಸಂತೆ ಕೂಡುವ ಸಣ್ಣ ಪೇಟೆಯೂರು. ಮುಠಾ ನದಿಯ ಬಲದಂಡೆಯ ಮೇಲಿದ್ದ ಆ ಸಣ್ಣ ಊರು ಬೆಳೆದೇ ಪುಣೆಯಾಯಿತು. ಊರು ದೊಡ್ಡದಾದರೂ ಕಸಬಾ ಮಾತ್ರ ತನ್ನ ಓಣಿಗಳೊಂದಿಗೆ ಅಲ್ಲಿಯೇ ಉಳಿದಿದೆ. ಆ ಓಣಿಗಳ ಹಳೆಯ ಮನೆಗಳನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಎಬ್ಬಿಸಬೇಕೆ, ಬೇಡವೇ ಎಂಬ ವಾದ ಅಲ್ಲಿನ ನಿವಾಸಿಗಳಲ್ಲಿ ಹಲವು ವರ್ಷಗಳಿಂದ ನಡೆದಿದೆ. 2023ರ ಫೆಬ್ರವರಿಯ ಕಸಬಾ ಉಪಚುನಾವಣೆಯಲ್ಲಿ ಅದು ಪ್ರಚಾರದ ವಿಷಯವೂ ಆಯಿತು. ಈ ವಾದದ ಹಿಂದಿರುವ ಇತಿಹಾಸವನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ನಮಗೆ ಅಭಿಮಾನದ ಒಂದು ಮಾತು. ಈ ಪ್ರದೇಶದ ಹೆಸರು ಬರುವ ಅತಿ ಹಳೆಯ ಬರಹಗಳು ನಮ್ಮ ರಾಷ್ಟ್ರಕೂಟರವು. ಒಂದನೆಯ ಕೃಷ್ಣನ ಕಾಲದ, ಕ್ರಿ.ಶ. 758 ಮತ್ತು 768ರ ತಾಮ್ರಶಾಸನಗಳಲ್ಲಿ ‘ಪುಣ್ಯ ವಿಷಯ’, ‘ಪುಣಕ ವಿಷಯ’ ಎಂದು ಈ ಸೀಮೆಯ ಉಲ್ಲೇಖವಿದೆ. ನದಿಯ ಆಚೆ ದಂಡೆಯ ಪಾತಾಳೇಶ್ವರ ಗುಹಾದೇವಾಲಯವೂ ಆ ಕಾಲದ್ದೇ. ಎಂಟು ಶತಮಾನಗಳು ಕಳೆದ ಮೇಲೆ ಬಂದ ಇನ್ನೊಂದು ಸಂಬಂಧ ಅಷ್ಟು ಅಭಿಮಾನದ್ದಲ್ಲ. 1630ರ ಸುಮಾರಿಗೆ ವಿಜಾಪುರದ ಆದಿಲಶಾಹಿಯ ಸರದಾರ ಮುರಾರ ಜಗದೇವನು ಪುಣೆಯನ್ನು ಸುಟ್ಟು, ಕತ್ತೆಗಳಿಂದ ಉಳಿಸಿದನೆಂದು ಹೇಳುತ್ತಾರೆ. ಅನಂತರ ಶಹಾಜಿಯ ಕಾರಭಾರಿ ದಾದೋಜಿ ಕೊಂಡದೇವನು ಊರನ್ನು ಮತ್ತೆ ನೆಲೆಗೊಳಿಸಿದ. ಜೀಜಾಬಾಯಿ ಮತ್ತು ಬಾಲ ಶಿವಾಜಿಗಾಗಿ ಲಾಲ್ ಮಹಲು ಎದ್ದಿತು. ಇಂದು ಕಾಣುವ ಲಾಲ್ ಮಹಲು ಮೂಲದ್ದಲ್ಲ, 1980ರ ದಶಕದಲ್ಲಿ ನಗರಪಾಲಿಕೆ ಕಟ್ಟಿಸಿದ ಪ್ರತಿರೂಪ. ಹಳತನ್ನು ಉಳಿಸುವ ಚರ್ಚೆ ನಡೆಯುವ ಕೇರಿಯಲ್ಲಿ ಎಲ್ಲರೂ ಮೊದಲು ನೋಡುವ ‘ಹಳೆಯ’ ಕಟ್ಟಡವೇ ಹೊಸದೆಂಬುದು ವಿಚಿತ್ರ.

ಪೇಶವೆಯರ ಕಾಲದಲ್ಲಿ ಕಸಬಾದ ಸುತ್ತ ಪೇಠಗಳು ಹುಟ್ಟಿದವು. ವಾರದ ಏಳು ದಿನಗಳ ಹೆಸರಿನ ಏಳು ಪೇಠಗಳಲ್ಲದೆ ಸದಾಶಿವರಾವ್ ಭಾವೂವಿನ ಹೆಸರಿನಲ್ಲಿ ಸದಾಶಿವ ಪೇಠ, ನಾರಾಯಣರಾಯನ ಹೆಸರಿನಲ್ಲಿ ನಾರಾಯಣ ಪೇಠ, ನಾನಾ ಫಡ್ನವೀಸನ ಹೆಸರಿನಲ್ಲಿ ನಾನಾ ಪೇಠ ಬಂದವು. ಶನಿವಾರ ವಾಡೆಗೆ ಅಡಿಗಲ್ಲು ಬಿದ್ದದ್ದು 1730ರ ಜನವರಿ 10ರಂದು. 1732ರ ಜನವರಿಯಲ್ಲಿ ಗೃಹಪ್ರವೇಶವಾಯಿತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶವೆ ಕಾತ್ರಜದ ಕೆರೆಯಿಂದ ನೆಲದೊಳಗಿನ ಕಾಲುವೆಯ ಮೂಲಕ ನೀರು ತರಿಸಿ, ಪೇಠಗಳಲ್ಲಿ ‘ಹೌದ’ಗಳಿಗೆ, ಅಂದರೆ ಸಾರ್ವಜನಿಕ ತೊಟ್ಟಿಗಳಿಗೆ ಬಿಡಿಸಿದ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಜನ ಒತ್ತಾಗಿ ಬಾಳಬೇಕಾದರೆ ಮೊದಲು ನೀರು ಬೇಕು. ಆ ಕಾಲದ ಆಡಳಿತಕ್ಕೆ ಇದು ತಿಳಿದಿತ್ತು.

ಈ ಪೇಠಗಳ ಮನೆಯೇ ವಾಡೆ. ಧಾರವಾಡ, ವಿಜಾಪುರ ಕಡೆಯ ನಮ್ಮ ಓದುಗರಿಗೆ ಈ ಪದವನ್ನು ವಿವರಿಸಬೇಕಿಲ್ಲ. ದೇಸಾಯರ ವಾಡೆ, ದೇಶಪಾಂಡೆಯವರ ವಾಡೆ ಊರೂರಿಗೂ ಇವೆ. ಹಳೆ ಮೈಸೂರಿನವರು ತಮ್ಮ ತೊಟ್ಟಿ ಮನೆಯನ್ನು ನೆನೆಸಿಕೊಂಡರೆ ಸಾಕು. ನಡುವೆ ಆಕಾಶಕ್ಕೆ ತೆರೆದ ಚೌಕ, ಅದರ ಸುತ್ತ ಓಸರಿ ಎಂದರೆ ನಮ್ಮ ಪಡಸಾಲೆ, ಒಳಗೆ ಮಾಜಘರ, ದೇವರ ಮನೆ, ಅಡಿಗೆಮನೆ. ಹಿಂದೆ ಬಾವಿ, ತುಳಸಿಕಟ್ಟೆ. ಕಲ್ಲಿನ ಜೋತಿ, ಸಾಗವಾನಿಯ ಕಂಬ ತೊಲೆ, ನಡುವೆ ಇಟ್ಟಿಗೆ ಗಾರೆ. ದೊಡ್ಡ ಹೆಬ್ಬಾಗಿಲಿನೊಳಗೆ ತಲೆ ತಗ್ಗಿಸಿ ನುಗ್ಗುವ ಸಣ್ಣ ದಿಂಡಿ ಬಾಗಿಲು. ಸರದಾರರ ವಾಡೆಗೆ ಹಲವು ಚೌಕ, ಸಾಮಾನ್ಯರದಕ್ಕೆ ಒಂದೇ. ಮುಂದೆ ಅನೇಕ ವಾಡೆಗಳ ಮಾಡಿಗೆ ಮಂಗಳೂರು ಹಂಚು ಬಂತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಪೇಶವೆಯರ ಊರಿನ ತಲೆಯನ್ನೂ ಕಾಯಿತು.

ಒಂದು ಕುಟುಂಬಕ್ಕೆಂದು ಕಟ್ಟಿದ ವಾಡೆ ಹತ್ತು ಕುಟುಂಬಗಳ ಬಿಡಾರವಾದದ್ದು ಹೇಗೆ? 1817ರ ನವೆಂಬರಿನಲ್ಲಿ ಖಡಕಿಯ ಯುದ್ಧವಾಗಿ ಶನಿವಾರ ವಾಡೆಯ ಮೇಲೆ ಇಂಗ್ಲಿಷರ ಬಾವುಟ ಏರಿತು. ದರಬಾರು ಹೋದ ಮೇಲೆ ಅದನ್ನು ನಂಬಿದವರ ಆದಾಯವೂ ಹೋಯಿತು. ಶನಿವಾರ ವಾಡೆ 1828ರ ಬೆಂಕಿಯಲ್ಲಿ ಸುಟ್ಟಿತು. 1879ರಲ್ಲಿ ಬುಧವಾರ ವಾಡೆ ಸುಟ್ಟು ಬೂದಿಯಾಯಿತು. ಉಳಿದ ವಾಡೆಗಳ ವಾರಸುದಾರರು ಕೋಣೆಗಳನ್ನು ಬಾಡಿಗೆಗೆ ಕೊಡತೊಡಗಿದರು. ಶಾಲೆ ಕಾಲೇಜುಗಳಿಗೆಂದು ವಿದ್ಯಾರ್ಥಿಗಳು, ಕಚೇರಿಗಳಿಗೆಂದು ನಮ್ಮಂಥ ಗುಮಾಸ್ತರು ಬಂದರು. ಆದ್ದರಿಂದ ‘ಹಿಂದೆ ಇಲ್ಲಿ ವಿಶಾಲ ಬಾಳ್ವೆ ಇತ್ತು, ಈಗ ಒತ್ತಾಗಿ ಕಟ್ಟುತ್ತಾರೆ’ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಒತ್ತಡ ನೂರೈವತ್ತು ವರ್ಷಗಳಿಂದ ಇದೆ, ಮೇಲಕ್ಕೆ ಏರದೆ ಒಳಗೇ ತುಂಬಿಕೊಂಡಿದೆ. 1896-97ರ ಪ್ಲೇಗು ಈ ಓಣಿಗಳಲ್ಲಿ ಹಬ್ಬಿದ ವೇಗಕ್ಕೆ ಇದೂ ಒಂದು ಕಾರಣ. ಮನೆ ಶೋಧನೆಯ ಹೆಸರಿನಲ್ಲಿ ಸೋಲ್ಜರುಗಳು ನಡೆಸಿದ ಹಾವಳಿ, 1897ರ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ್‍ಯಾಂಡನಿಗೆ ಗುಂಡಿಕ್ಕಿದ್ದು ಎಲ್ಲರೂ ಬಲ್ಲ ಸಂಗತಿ.

ಇಪ್ಪತ್ತನೆಯ ಶತಮಾನದಲ್ಲಿ ವಾಡೆಗಳಿಗೆ ಎರಡು ಪೆಟ್ಟು ಬಿದ್ದವು. ಒಂದು ಕಾಗದದ ಮೂಲಕ, ಇನ್ನೊಂದು ನೀರಿನ ಮೂಲಕ.

ಕಾಗದದ ಪೆಟ್ಟೆಂದರೆ 1947ರ ಮುಂಬಯಿ ಬಾಡಿಗೆ ಕಾನೂನು. ಯುದ್ಧಾನಂತರದ ಬೆಲೆಯೇರಿಕೆಯಲ್ಲಿ ಬಡ ಬಾಡಿಗೆದಾರ ಬೀದಿಪಾಲಾಗಬಾರದೆಂಬ ಸದುದ್ದೇಶದಿಂದ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿದರು. ತಾತ್ಕಾಲಿಕವೆಂದು ಬಂದದ್ದು ಅರ್ಧ ಶತಮಾನ ಉಳಿಯಿತು. ಸರಕಾರಿ ನೌಕರನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. 1999ರ ಹೊಸ ಕಾನೂನು 2000ದ ಮಾರ್ಚ್ 31ರಿಂದ ಜಾರಿಗೆ ಬಂದು, ವರ್ಷಕ್ಕೆ ಶೇಕಡಾ 4ರಂತೆ ಬಾಡಿಗೆ ಏರಿಸಲು ಅನುಮತಿ ಕೊಟ್ಟಿತು. 20 ರೂಪಾಯಿಯ ಬಾಡಿಗೆಯನ್ನು ಚಕ್ರಬಡ್ಡಿಯಂತೆ ಏರಿಸಿದರೂ ಇಪ್ಪತ್ತೈದು ವರ್ಷಗಳಲ್ಲಿ ಅದು 53 ರೂಪಾಯಿ ಮುಟ್ಟುತ್ತದೆ. ಅಷ್ಟು ದುಡ್ಡಿಗೆ ಮಾಲೀಕ ಯಾವ ತೊಲೆ ಬದಲಿಸಿಯಾನು? ಬಾಡಿಗೆದಾರನು ತಾನೇ ರಿಪೇರಿ ಮಾಡಿಸೋಣವೆಂದರೆ ಮನೆ ತನ್ನದಲ್ಲ. ಹೀಗೆ ಇಬ್ಬರೂ ಸುಮ್ಮನಿದ್ದಾಗ ಮಳೆ ಮಾತ್ರ ತನ್ನ ಕೆಲಸ ಮಾಡುತ್ತಿತ್ತು.

ನೀರಿನ ಪೆಟ್ಟು 1961ರ ಜುಲೈ 12ರಂದು ಬಿತ್ತು. ಆ ಬೆಳಿಗ್ಗೆ ಕಟ್ಟುತ್ತಿದ್ದ ಪಾನಶೇತ ಅಣೆಕಟ್ಟು ಒಡೆಯಿತು. ಅದರ ನೀರಿನ ಭಾರಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಒಡೆಯಿತು. ನದಿಗೆ ಹತ್ತಿರದ ನಾರಾಯಣ, ಶನಿವಾರ, ಕಸಬಾ ಪೇಠಗಳಲ್ಲಿ ಹೊಕ್ಕ ನೀರು ಇಟ್ಟಿಗೆ ಮಣ್ಣಿನ ಗೋಡೆಗಳನ್ನು ಕರಗಿಸಿತು. ಮನೆ ಕಳೆದುಕೊಂಡವರಿಗಾಗಿ ಊರ ಹೊರಗೆ ಸಹಕಾರನಗರ, ಗೋಖಲೆನಗರ, ಲೋಕಮಾನ್ಯನಗರ ಮುಂತಾದ ವಸತಿಗಳು ಬಂದವು. ಪೇಠ ಬಿಟ್ಟು ಹೋದರೂ ಬದುಕಬಹುದು ಎಂಬುದನ್ನು ಪುಣೆಯ ಜನ ಕಲಿತದ್ದು ಪ್ರಾಯಶಃ ಆಗಲೇ. ಮುಂದೆ 1963ರ ಫ್ಲ್ಯಾಟ್ ಮಾಲೀಕತ್ವದ ಕಾನೂನಿನಿಂದ ಅಪಾರ್ಟ್‌ಮೆಂಟುಗಳಿಗೆ ದಾರಿ ಸುಗಮವಾಯಿತು. ಅನಂತರದ ಮೂರು ನಾಲ್ಕು ದಶಕಗಳಲ್ಲಿ ಸದಾಶಿವ, ನಾರಾಯಣ ಪೇಠಗಳ ಅನೇಕ ವಾಡೆಗಳು ಕೆಡವಲ್ಪಟ್ಟು ಮೂರು ನಾಲ್ಕು ಮಾಳಿಗೆಯ ಕಟ್ಟಡಗಳಾದವು. ಹಳೆಯ ವಾಡೆಯ ಹೆಸರು ಗೇಟಿನ ಮೇಲೆ ಉಳಿಯಿತು.

ಈಗ ವಾದಕ್ಕೆ ಬರೋಣ. ಹೆಚ್ಚು ಎತ್ತರ ಬೇಕೆನ್ನುವವರು ಬರಿಯ ಬಿಲ್ಡರುಗಳೆಂದು ದೂರದಿಂದ ನೋಡುವವರಿಗೆ ಅನಿಸುತ್ತದೆ. ಹಾಗೇನಿಲ್ಲ. ನಾನು ಈ ಊರಿಗೆ ವರ್ಗವಾಗಿ ಬಂದ ಹೊಸತರಲ್ಲಿ ಒಂದು ವರ್ಷ ಇಂಥ ವಾಡೆಯ ಮಾಳಿಗೆಯಲ್ಲಿ ಎರಡು ಕೋಣೆ ಹಿಡಿದಿದ್ದೆ. ಚೌಕದ ಸೊಬಗನ್ನು ನೋಡಲು ಬಂದವರೆಲ್ಲ ಹೊಗಳುತ್ತಿದ್ದರು. ನಡುರಾತ್ರಿ ಕಂದೀಲು ಹಿಡಿದು ಹಿಂದಿನ ಸಾಮೂಹಿಕ ಪಾಯಖಾನೆಗೆ ಹೋಗಬೇಕಾದ ಎಪ್ಪತ್ತು ವರ್ಷದ ಆಜ್ಜಿಯನ್ನು ಅವರಾರೂ ಕೇಳಲಿಲ್ಲ. ಕಡಿದಾದ ಮರದ ಮೆಟ್ಟಿಲು ಇಳಿಯಲಾರದೆ ತಿಂಗಳುಗಟ್ಟಲೆ ಮೇಲೆಯೇ ಕುಳಿತ ಹಿರಿಯರನ್ನೂ ಕಂಡಿದ್ದೇನೆ. ಇವರು ಲಿಫ್ಟಿನ ಮನೆ ಬೇಕೆಂದರೆ ಪರಂಪರೆಯ ದ್ರೋಹಿಗಳೆನ್ನಲಾದೀತೆ?

ಲೆಕ್ಕವನ್ನೂ ನೋಡಿ. ಉದಾಹರಣೆಗೆ 300 ಚದರ ಮೀಟರಿನ ಜಾಗ, ಹತ್ತು ಬಾಡಿಗೆದಾರರು, ಐವರು ವಾರಸುದಾರರು ಎಂದಿಟ್ಟುಕೊಳ್ಳಿ. ಜಾಗದ ಒಂದೂವರೆ ಪಟ್ಟು ಕಟ್ಟಲು ಅನುಮತಿ ಇದ್ದರೆ 450 ಚದರ ಮೀಟರಾಯಿತು. ಬಾಡಿಗೆದಾರನಿಗೆ ತಲಾ 25ರಂತೆ 250, ವಾರಸುದಾರನಿಗೆ ತಲಾ 40ರಂತೆ 200 ಕೊಟ್ಟರೆ ಎಲ್ಲವೂ ಮುಗಿಯಿತು. ಕಟ್ಟುವ ಖರ್ಚು ಹುಟ್ಟಿಸಲು ಮಾರುವುದಕ್ಕೆ ಒಂದು ಅಡಿಯೂ ಇಲ್ಲ. ಎರಡು ಪಟ್ಟಾದರೆ 150 ಚದರ ಮೀಟರು ಉಳಿಯುತ್ತದೆ. ಹೀಗಾಗಿ ‘ಎಫ್.ಎಸ್.ಐ. ಹೆಚ್ಚಿಸಿ’ ಎಂಬ ಕೂಗು ಏಳುತ್ತದೆ. ಆದರೆ ಎಷ್ಟು ಕಟ್ಟಬಹುದೆಂಬುದು ಮುಂದಿನ ರಸ್ತೆಯ ಅಗಲವನ್ನು ಹೊಂದಿಕೊಂಡಿದೆ. ಎತ್ತರ ಹೆಚ್ಚಿದಂತೆ ಅಕ್ಕಪಕ್ಕ ತೆರಪು ಬಿಡಬೇಕು. ಗೋಡೆಗೆ ಗೋಡೆ ತಾಗಿದ ವಾಡೆಗಳ ಸಾಲಿನಲ್ಲಿ ತೆರಪು ಎಲ್ಲಿಂದ ತರುವುದು? ಒಂದನ್ನು ಕೆಡವಿದರೆ ಪಕ್ಕದ ಮನೆಯ ಆಸರೆಯೂ ಹೋಗುತ್ತದೆ. ಸಣ್ಣ ಜಾಗಗಳನ್ನು ಒಗ್ಗೂಡಿಸಿ ಕಟ್ಟಬೇಕೆಂದು ತಜ್ಞರು ಹೇಳುತ್ತಾರೆ. ಒಂದು ವಾಡೆಯ ಐವರು ವಾರಸುದಾರರ ಸಹಿ ಕೂಡಿಸುವುದೇ ಹೆಣಗಾಟವಾಗಿರುವಲ್ಲಿ ನಾಲ್ಕು ವಾಡೆಗಳ ಸಹಿಗಳನ್ನು ಕೂಡಿಸುವವರಾರು?

ಬೇಡವೆನ್ನುವವರ ಮಾತೂ ತಳ್ಳಿಹಾಕುವಂಥದಲ್ಲ. ಅಗ್ನಿಶಾಮಕ ವಾಹನ ಹೋಗದ ಓಣಿಯಲ್ಲಿ ಏಳು ಮಾಳಿಗೆ ಎಬ್ಬಿಸಿ ಬೆಂಕಿ ಬಿದ್ದರೆ ಗತಿಯೇನು, ನೀರಿನ ಹಳೆಯ ನಳಿಕೆಗಳು ಮೂರು ಪಟ್ಟು ಮನೆಗಳಿಗೆ ಸಾಕಾದಾವೆ ಎಂದು ಅವರು ಕೇಳುತ್ತಾರೆ. ಹೊಸ ಕಟ್ಟಡದ ನೆಲಮಟ್ಟವೆಲ್ಲ ವಾಹನಗಳ ಪಾಲಾಗುತ್ತದೆ. ಬೀದಿಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂರುವವರಿರುವುದಿಲ್ಲ. ಕಸಬಾದ ತಾಂಬಟ ಆಳಿಯಲ್ಲಿ ತಾಮ್ರದ ಹಂಡೆ, ಪಾತ್ರೆಗಳನ್ನು ಬಡಿದು ರೂಪಿಸುವವರಿದ್ದಾರೆ. ಬುರುಡ ಆಳಿಯಲ್ಲಿ ಬಿದಿರಿನ ಬುಟ್ಟಿ ಹೆಣೆಯುವವರಿದ್ದಾರೆ. ಅವರಿಗೆ ಮನೆಯೂ ಕಾರ್ಖಾನೆಯೂ ಒಂದೇ. ಐದನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ ಸುತ್ತಿಗೆ ಹಿಡಿದು ತಾಮ್ರ ಬಡಿಯಲು ಯಾವ ಸೊಸೈಟಿ ಬಿಟ್ಟೀತು? ನನ್ನ ಮಟ್ಟಿಗೆ ಈ ವಾದದಲ್ಲಿ ಅತ್ಯಂತ ತೂಕದ ಪ್ರಶ್ನೆ ಇದೇ. ಕೆತ್ತನೆಯ ಕಂಬಗಳನ್ನು ಮ್ಯೂಜಿಯಮ್ಮಿನಲ್ಲಿ ಇಡಬಹುದು. ಕಸಬನ್ನು ಇಡಲು ಬರುವುದಿಲ್ಲ.

ಪಾರಂಪರಿಕ ಕಟ್ಟಡಗಳನ್ನು ನಗರಪಾಲಿಕೆ ಮೂರು ದರ್ಜೆಗಳಾಗಿ ಗುರುತಿಸಿದೆ. 1807ರ ವಿಶ್ರಾಮಬಾಗ ವಾಡೆ, ನಾನಾ ಫಡ್ನವೀಸನ ನಾನಾ ವಾಡೆಗಳು ಸಾರ್ವಜನಿಕ ಆಸ್ತಿಯಾಗಿದ್ದರಿಂದ ದುರಸ್ತಿ ಕಂಡವು. 1905ರಲ್ಲಿ ತಿಲಕರು ಕೊಂಡ ಗಾಯಕವಾಡ ವಾಡೆ ಕೇಸರಿ ವಾಡೆಯಾಗಿ ನಿಂತಿದೆ. ಹಿಂದೆ ಸಂಸ್ಥೆಯ ಬಲವಿಲ್ಲದ ಖಾಸಗಿ ವಾಡೆಗಳ ಸ್ಥಿತಿ ಬೇರೆ. ಮಳೆಗಾಲ ಬಂತೆಂದರೆ ಅವುಗಳ ಬಾಗಿಲಿಗೆ ಅಪಾಯಕಾರಿ ಕಟ್ಟಡವೆಂಬ ನೋಟೀಸು ಅಂಟುತ್ತದೆ. ನೋಟೀಸು ಬಂದರೂ ಬಾಡಿಗೆದಾರರು ಕದಲುವುದಿಲ್ಲ. ಒಮ್ಮೆ ಹೊರಬಿದ್ದರೆ ಒಳಗೆ ಬರುವುದು ಕನಸೇ ಎಂದು ಅವರ ಹೆದರಿಕೆ. ಈ ಹೆದರಿಕೆ ಸುಳ್ಳೆಂದು ತೋರಿಸಬಲ್ಲ ಏರ್ಪಾಡು ಮೊದಲು ಆಗಬೇಕು, ಮಾಳಿಗೆಗಳ ಎಣಿಕೆ ಆಮೇಲೆ ಎಂಬುದು ನನ್ನ ಅಭಿಪ್ರಾಯ.

ಶನಿವಾರ ವಾಡೆಯ ಸುತ್ತಲಿನವರಿಗೆ ಮತ್ತೊಂದು ಕಟ್ಟು ಇದೆ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. 1992ರ ಅಧಿಸೂಚನೆಯಲ್ಲಿದ್ದ 100 ಮೀಟರಿನ ನಿಷೇಧವನ್ನು 2010ರ ತಿದ್ದುಪಡಿ ಕಾನೂನಿನಲ್ಲೇ ಸೇರಿಸಿತು. ಆ ಪರಿಧಿಯೊಳಗೆ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು, ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲೂ ಅನುಮತಿ ಬೇಕು. ವಿಜಾಪುರ, ಬಾದಾಮಿಗಳಲ್ಲಿ ಮನೆಯಿರುವ ನಮ್ಮವರಿಗೂ ಇದರ ಬಿಸಿ ಗೊತ್ತು. ಗೋಲಗುಂಬಜದ ಊರಿಗೂ ಪೇಶವೆಯರ ಊರಿಗೂ ಒಂದೇ ಟೇಪು. ಬಿದ್ದುಹೋದ ವಾಡೆಯ ಜಾಗ ಖಾಲಿಯೇ ಉಳಿಯಬೇಕಾಗುತ್ತದೆ. ದೂರವನ್ನು ಅಳೆಯುವ ಬದಲು ಎತ್ತರಕ್ಕೆ ಮಿತಿ ಹಾಕಿ, ಸ್ಮಾರಕ ಮರೆಯಾಗದಷ್ಟು ಕಟ್ಟಲು ಬಿಡಿ ಎಂಬುದು ಅಲ್ಲಿಯ ನಿವಾಸಿಗಳ ಬೇಡಿಕೆ. ಈ ನಡುವೆ 2024ರ ಸೆಪ್ಟೆಂಬರ್ 29ರಂದು ನೆಲದಡಿಯ ಮೆಟ್ರೋ ಕಸಬಾ ಪೇಠದ ಕೆಳಗೆ ಓಡಲಾರಂಭಿಸಿತು. ನಿಲ್ದಾಣವೂ ಅಲ್ಲಿಯೇ ಆಯಿತು. ಮೇಲೆ ಹತ್ತು ಅಡಿಯ ಓಣಿಯಲ್ಲಿ ಈಗಲೂ ಎರಡು ಸ್ಕೂಟರುಗಳು ಎದುರಾದರೆ ಒಂದು ದಿಂಡಿ ಬಾಗಿಲ ಪಕ್ಕಕ್ಕೆ ಸರಿದು ನಿಲ್ಲಬೇಕು.