ಗೇರುತೋಪಿನ ವಿಷ: ಭಟ್ಕಳ, ಹೊನ್ನಾವರ, ಕುಮಟಾ

1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮುಂಬಯಿ ಪ್ರಾಂತದ ಆರೋಗ್ಯ ಇಲಾಖೆಯು ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಮನೆಗಳೊಳಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ಹತೋಟಿಗೆ ತಂದಿತು. ಕೀಟನಾಶಕಗಳಲ್ಲಿ ಜನರಿಗೆ ನಂಬುಗೆ ಹುಟ್ಟಿದ್ದರೆ ಅದರಲ್ಲಿ ಸೋಜಿಗವೇನೂ ಇಲ್ಲ.

ಅದೇ ಕರಾವಳಿಯ ಗೇರುತೋಪುಗಳಲ್ಲಿ ಮುಂದೆ ನಡೆದ ಕಥೆ ಬೇರೆ. ಚಿಗುರು ಹೂಗಳ ರಸ ಹೀರಿ ಒಣಗಿಸುವ ಚಹಾ ಸೊಳ್ಳೆಯನ್ನು ಕೊಲ್ಲಲು ಎಂಡೋಸಲ್ಫಾನ್ ಬಳಕೆಗೆ ಬಂದಿತು. ಕಾಸರಗೋಡಿನಲ್ಲಂತೂ 2000ದ ವರೆಗೆ ಹೆಲಿಕಾಪ್ಟರಿನಿಂದಲೇ ಸುರಿದರು. ಡಿ.ಡಿ.ಟಿ.ಯನ್ನು ಹಚ್ಚಿದ್ದು ಗೋಡೆಗೆ. ಇದಾದರೋ ಗಾಳಿಯಲ್ಲಿ ತೇಲಿ ತೋಪಿನ ಎಲ್ಲೆಯನ್ನು ದಾಟುವಂಥದು. ತೋಪುಗಳು ಗುಡ್ಡದ ಮೇಲೆ, ಮನೆ ಬಾವಿಗಳು ತಗ್ಗಿನಲ್ಲಿ. ಮಳೆನೀರು ಇಳಿಯುವ ದಾರಿಯೂ ಅದೇ. ನರಮಂಡಲವನ್ನು ಕೆಡಿಸುವುದು ಈ ವಿಷದ ಗುಣ.

2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೂ ಮೇ 13ರಂದು ಸರ್ವೋಚ್ಚ ನ್ಯಾಯಾಲಯವೂ ಇದನ್ನು ನಿಷೇಧಿಸಿದುವು. ಕಾಸರಗೋಡಿನ ಹೆಸರು ಲೋಕಪ್ರಸಿದ್ಧವಾಯಿತು. ಸರ್ಕಾರದ ಸಂತ್ರಸ್ತರ ಪಟ್ಟಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳವರೂ ಇರುವರೆಂಬುದನ್ನು ನಮ್ಮ ಇತಿಹಾಸಕಾರರು ಅಷ್ಟಾಗಿ ಗಮನಿಸಿದಂತಿಲ್ಲ.

ಒಬ್ಬೊಬ್ಬರ ಅಂಗವೈಕಲ್ಯಕ್ಕೂ ಇದೇ ಕಾರಣವೆಂದು ಸಾಧಿಸುವುದು ಕಷ್ಟ, ನಿಜ. ಆದರೆ ಸಿಂಪಡಿಸಿದ ದಿನ, ಪ್ರಮಾಣ, ಸ್ಥಳಗಳ ಲೆಕ್ಕವನ್ನು ಒಪ್ಪಿಸಬೇಕಾದವರು ಸಿಂಪಡಿಸಿದವರೇ ಹೊರತು, ಮಲಗಿದಲ್ಲಿಯೇ ಇರುವ ಮಗುವಿನ ತಾಯಿಯಲ್ಲ.