ಕುದುರೆ ತಡೆದ ಕಲ್ಲು, ಪಿಕಪ್ ತಡೆಯದ ಕಂಬ | ಕೋಟೆ ಕಥೆ, ಭಾಗ 6

ಹಂಪಿಗೆ ಹೋದ್ರೆ ಎಲ್ರೂ ಕಲ್ಲಿನ ರಥದ ಮುಂದೆ ಫೋಟೋ ತೆಗೆಸ್ಕೋತೀವಿ. ಇವತ್ತಿನ ಕಥೆ ಅಷ್ಟು ಚೆಂದದ ಕಲ್ಲಿನದ್ದಲ್ಲ. ಕೆತ್ತನೆ ಇಲ್ಲ, ಏನಿಲ್ಲ. ನೆಲದಲ್ಲಿ ಹೂತಿಟ್ಟ ಬರೀ ಕಲ್ಲು.

1443ರಲ್ಲಿ ಹೆರಾತ್‌ನ ಅರಸ ಶಾರುಖ್‌ನ (ಹೌದು, ಹೆಸರು ಅದೇ 😄) ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಆಗ ಇಮ್ಮಡಿ ದೇವರಾಯನ ಆಳ್ವಿಕೆ. ಏಳು ಸುತ್ತಿನ ಕೋಟೆ ಕಂಡು ಬೆರಗಾದವನು ಹೊರಗೋಡೆ ಮುಂದಿನ ಬಯಲನ್ನೂ ಬಿಡದೆ ಬರೆದಿಟ್ಟ. ಸುಮಾರು 50 ಗಜದ ಅಗಲಕ್ಕೆ ಆಳೆತ್ತರದ ಕಲ್ಲುಗಳು. ಅರ್ಧ ನೆಲದೊಳಗೆ, ಅರ್ಧ ಮೇಲೆ, ಒಂದರ ಪಕ್ಕ ಒಂದು. ಕಾಲಾಳಾಗಲಿ ರಾವುತನಾಗಲಿ ಸಲೀಸಾಗಿ ಹತ್ರ ಬರೋ ಹಾಗಿರಲಿಲ್ಲ.

ಕುದುರೆಯ ಬಲ ಇರೋದು ಓಟದಲ್ಲಿ. ಆ ಓಟ ಮುರಿದ್ರೆ ಸಾಕು. ಹಂಪಿಯ ಕೋಟೆ ಬಾಗಿಲುಗಳು ಒಳಗೆ ಹೋಗ್ತಾ ತಿರುವು ತಗೊಳ್ಳೋದೂ ಅದಕ್ಕೇ. ಫಿಸಿಕ್ಸ್ ಕ್ಲಾಸ್ ನೆನಪಿದೆಯಾ? ವೇಗ ಎರಡು ಪಟ್ಟಾದ್ರೆ ಗುದ್ದೋ ಶಕ್ತಿ ನಾಲ್ಕು ಪಟ್ಟು.

ಈಗ ಕುದುರೆ ಜಾಗಕ್ಕೆ ವಾಹನ ಬಂದಿದೆ. 2016ರ ಜುಲೈ 14, ಫ್ರಾನ್ಸ್‌ನ ನೀಸ್ ನಗರ: ಹಬ್ಬದ ಜನಸಂದಣಿ ಮೇಲೆ 19 ಟನ್ ಲಾರಿ ನುಗ್ಗಿಸಿದ ಒಬ್ಬ. ಸತ್ತವರು 86 ಜನ.

ಅದಾದ ಮೇಲೆ ಅಮೆರಿಕದ ನ್ಯೂ ಆರ್ಲಿಯನ್ಸ್ ತನ್ನ ಬರ್ಬನ್ ಸ್ಟ್ರೀಟ್‌ಗೆ ತಡೆಗಂಬ ಹಾಕಿಸ್ತು. ಅಲ್ಲಿ ಹಗಲು ಸರಕಿನ ಗಾಡಿ ಬರಬೇಕು, ರಾತ್ರಿ ಜನ ಮಾತ್ರ. ಹೂತ ಕಲ್ಲು ಆಗಲ್ಲ, ಹಾಗಾಗಿ ಹಳಿ ಮೇಲೆ ಸರಿಯೋ ಉಕ್ಕಿನ ಕಂಬ ಆರಿಸಿದ್ರು. ಮಾರ್ಡಿ ಗ್ರಾ ಹಬ್ಬದಲ್ಲಿ ಜನ ಮಣಿಸರ ಎಸೀತಾರೆ. ಆ ಮಣಿಗಳು ಹಳಿಗೆ ಸಿಕ್ಕಿ ಕಂಬಗಳು ಕೆಟ್ಟವು! ಬೀದಿಯ ಹೆಸರು ಹೇಳಿದ್ರೇ ಮಣಿಸರ ನೆನಪಾಗೋ ಊರು ಅದು, ಆರಿಸುವಾಗ ಯಾರಿಗೂ ಹೊಳೀಲಿಲ್ವಾ?

ಬದಲಾಯಿಸೋ ಕೆಲಸ ನಡೀತಿರುವಾಗಲೇ, 2025ರ ಜನವರಿ 1ರ ನಸುಕಿನಲ್ಲಿ, ಒಂದು ಪಿಕಪ್ ಅಡ್ಡ ನಿಂತ ಪೊಲೀಸ್ ಕಾರಿನ ಪಕ್ಕದಿಂದ ಫುಟ್‌ಪಾತ್ ಹತ್ತಿ ಒಳಗೆ ನುಗ್ತು. 14 ಜನ ಪ್ರಾಣ ಕಳಕೊಂಡ್ರು. ಹಾಕ್ತಿದ್ದ ಹೊಸ ಕಂಬಗಳಾದ್ರೂ ಗಟ್ಟಿನಾ? ಗಂಟೆಗೆ 16 ಕಿ.ಮೀ. ವೇಗದ ಗುದ್ದು ತಡೆಯುವಷ್ಟೇ ಅಂತ ರಾಯಿಟರ್ಸ್ ವರದಿ ಮಾಡ್ತು. ಓದಿ ಸಿಟ್ಟು ಬಂತು ನನಗೆ.

ಲಂಡನ್‌ನ ಎಮಿರೇಟ್ಸ್ ಸ್ಟೇಡಿಯಂ ನೋಡಿ. ಹೊರಗೆ 'ಆರ್ಸೆನಲ್' ಅಂತ ದೈತ್ಯ ಅಕ್ಷರಗಳಿವೆ, ಜನ ಒರಗಿ ಸೆಲ್ಫಿ ತಗೋತಾರೆ. ಅವೂ ವಾಹನ ತಡೆಯೋಕೆ ಇಟ್ಟಿದ್ದು. ಕೆಡೋಕೆ ಹಳಿ ಇಲ್ಲ, ಮೋಟಾರ್ ಇಲ್ಲ, ನಮ್ಮ ಕಲ್ಲುಗಳ ಥರಾನೇ.

ನಿಮ್ಮೂರ ಕೋಟೆ ಬಾಗಿಲು ಎಷ್ಟು ಸಲ ತಿರುಗುತ್ತೆ? ಕಾಮೆಂಟ್‌ನಲ್ಲಿ ಹೇಳಿ 👇